ನ್ಯೂರಾನ್ ಪ್ರಾಜೆಕ್ಟಿಗೆ ಯಾವ ಮಾಡೆಲ್ ಹಿಡಿಯುದು?

ಹಾಡ್ಜ್‌ಕಿನ್-ಹಕ್ಸ್ಲಿಯಾ, ಇಝಿಕೆವಿಚ್ಚಾ, ಇಂಟಿಗ್ರೇಟ್-ಆಂಡ್-ಫೈರಾ ಅಂತ ಕೇಳಿದ್ದಿಯಲ್ಲ ತಮ್ಮ, ಮೂರೂ ನ್ಯೂರಾನ್, ಅಂದ್ರೆ ನರಕೋಶ, ಹೇಗೆ ಸಿಗ್ನಲ್ ಕೊಡ್ತದೆ ಅಂತ ಕಂಪ್ಯೂಟರಲ್ಲಿ ತೋರಿಸುವ ಲೆಕ್ಕದ ಮಾಡೆಲ್. ಮೊದ್ಲು ನಿಂಗೆ ಎಂತ ನೋಡ್ಬೇಕು ಅಂತ ಹೇಳು.

ಲೆಕ್ಕದ ಭಾರ ನೋಡಿದ್ರೆ ಇಂಟಿಗ್ರೇಟ್-ಆಂಡ್-ಫೈರ್ ಹಗುರ, ಒಂದೇ ಸಮೀಕರಣ. ತೂತು ಕೊಡಪಾನಕ್ಕೆ ನೀರು ಬಿಟ್ಟ ಹಾಗೆ, ಸೋರ್ತಾ ಇರ್ತದೆ, ಆದ್ರೂ ಕಂಠದವರೆಗೆ ತುಂಬಿದ್ರೆ ಒಂದು ಸ್ಪೈಕ್, ಅಂದ್ರೆ ನರಕೋಶದ ವಿದ್ಯುತ್ ಮಿಡಿತ, ಮತ್ತೆ ಖಾಲಿ. ಇಝಿಕೆವಿಚ್ ಅನ್ನುವ ವಿಜ್ಞಾನಿಯ ಮಾಡೆಲ್ 2003ರದ್ದು, ಎರಡು ಸಮೀಕರಣ. ಅವರೇ 2004ರಲ್ಲಿ ಕೊಟ್ಟ ಲೆಕ್ಕದಲ್ಲಿ 1 ಮಿಲಿಸೆಕೆಂಡ್ ಓಡಿಸ್ಲಿಕ್ಕೆ ಇಂಟಿಗ್ರೇಟ್-ಆಂಡ್-ಫೈರಿಗೆ 5, ಇಝಿಕೆವಿಚ್ ಮಾಡೆಲಿಗೆ 13 ಆಪರೇಷನ್ (ಕೂಡುವ, ಗುಣಿಸುವಂಥ ಲೆಕ್ಕದ ಹೆಜ್ಜೆ) ಸಾಕು, ಹಾಡ್ಜ್‌ಕಿನ್-ಹಕ್ಸ್ಲಿಗೆ 1200! ಕಾಸರಗೋಡಿನ ಮಳೆಗಾಲ, ಕರೆಂಟ್ ಹೋಗಿ ಬಂದು ಮಾಡ್ತದೆ, ನನ್ನ ಹಳೆ ಲ್ಯಾಪ್‌ಟಾಪ್ ಅದ್ರಲ್ಲಿ ನ್ಯೂರಾನಿನ ದೊಡ್ಡ ಜಾಲ ಹಾಕಿದ್ರೆ ಸುಸ್ತು.

ಆದ್ರೆ ಹಾಡ್ಜ್‌ಕಿನ್-ಹಕ್ಸ್ಲಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಚಾನೆಲ್, ಅಂದ್ರೆ ಅವು ಕೋಶದ ಒಳಹೊರಗೆ ಹೋಗುವ ಬಾಗಿಲು, ಬೇರೆಬೇರೆ ಕಾಣ್ತದೆ, ಸ್ಕ್ವಿಡ್ಡಿನ, ಅಂದ್ರೆ ನಮ್ಮ ಮೀನು ಮಾರ್ಕೆಟಿನ ಬೊಂಡಾಸಿನ ಜಾತಿಯದ್ದೇ, ಅದ್ರ ದಪ್ಪ ಆಕ್ಸಾನ್ (ನರಕೋಶದ ಉದ್ದ ಎಳೆ) ಅಳೆದು 1952ರಲ್ಲಿ ಬರೆದದ್ದು. ಔಷಧ ಚಾನೆಲ್ ಮುಚ್ಚಿದ್ರೆ ಎಂತ ಆಗ್ತದೆ ಅಂತ ನಿನ್ನ ಪ್ರಶ್ನೆ ಆದ್ರೆ ಇದೇ ಬೇಕು, ಬೇರೆ ದಾರಿ ಇಲ್ಲ ಮಾರಾಯ.

ಸಾವಿರ ನ್ಯೂರಾನ್, ಅದ್ರಲ್ಲಿ ಬರ್ಸ್ಟಿಂಗೂ (ಸ್ಪೈಕ್ ಗುಂಪುಗುಂಪಾಗಿ ಬರುದು) ಬೇಕಂದ್ರೆ ಇಝಿಕೆವಿಚ್. ಅದ್ರ ನಾಲ್ಕು ಪ್ಯಾರಾಮೀಟರ್ ನೇರ ಯಾವ ಚಾನೆಲ್ಲೂ ಅಲ್ಲ, ವೈವಾದಲ್ಲಿ ಕೇಳಿಯೇ ಕೇಳ್ತಾರೆ, ಉತ್ತರ ರೆಡಿ ಇಟ್ಕೋ. ಬೋರ್ಡಲ್ಲಿ ಕೈಯಲ್ಲೇ ಬಿಡಿಸಿ ತೋರಿಸ್ಲಿಕ್ಕೆ ಮಾತ್ರ ತೂತು ಕೊಡಪಾನವೇ ಸಾಕು.