ಬ್ರಿಡ್ಜ್ 10 ವರ್ಷ, ಇಂಪ್ಲಾಂಟ್ 6 ವರ್ಷ: ಎರಡನ್ನೂ ಹಾಕಿಸ್ಕೊಂಡವನ ಅನುಭವ

ಹಲ್ಲು ಹೋಗಿ ಬ್ರಿಡ್ಜಾ ಇಂಪ್ಲಾಂಟಾ ಅಂತ ಯೋಚ್ನೆ ಮಾಡ್ತಿರೋರು ಓದಿ. 2009ರಲ್ಲಿ ನನ್ನ ಕೆಳಗಿನ ಎಡಗಡೆ ದವಡೆ ಹಲ್ಲು ಕೀಳಿಸ್ದೆ. ಮೊದ್ಲು ಕಂಬಿ ಇರೋ, ತೆಗೆದು ಹಾಕೋ ಹಲ್ಲು ಮಾಡಿಸ್ಕೊಂಡೆ, ದುಡ್ಡೇನೋ ಕಡಿಮೆ ಆದ್ರೆ ಅನ್ನದ ಅಗುಳು ಕೆಳಗೆ ಸೇರ್ಕೊಂಡು ಒತ್ತೋದು, ಊಟದ ಮಧ್ಯೆ ಎದ್ದು ತೊಳ್ಕೊಂಡು ಬರ್ಬೇಕು, ಮೂರು ತಿಂಗ್ಳಿಗೆ ಅದು ಡಬ್ಬಿ ಸೇರ್ತು.

ಆಮೇಲೆ ಬ್ರಿಡ್ಜ್. ಖಾಲಿ ಜಾಗದ ಹಿಂದೆ ಮುಂದೆ ಇರೋ ಹಲ್ಲುಗಳನ್ನ ಸುತ್ತ ಉಜ್ಜಿ ಸಣ್ಣ ಮಾಡಿ, ಒಟ್ಟಿಗೆ ಸೇರಿಸಿರೋ ಮೂರು ಕ್ಯಾಪ್ ಅಂಟಿಸ್ತಾರೆ. ಎರಡೇ ವಾರಕ್ಕೆ ಕೆಲ್ಸ ಮುಗೀತು, ಏಳೆಂಟು ವರ್ಷ ಕಡ್ಲೆಬೀಜ ಚಕ್ಲಿ ಎಲ್ಲಾ ಆರಾಮಾಗಿ ತಿಂದೆ. ಆದ್ರೆ ಮಧ್ಯದ ಹಲ್ಲಿನ ಕೆಳಗೆ ದಿನಾ ದಾರ ತೂರಿಸಿ ಕ್ಲೀನ್ ಮಾಡ್ಬೇಕು ಅಂತ ಆ ಕ್ಲಿನಿಕ್ಕಲ್ಲಿ ಒಬ್ರೂ ಹೇಳ್ಲಿಲ್ಲ, ಈಗ್ಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. 2019ರಲ್ಲಿ ಬಾಯಿ ವಾಸನೆ ಬರ್ತಿದೆ ಅಂತ ಮನೆಯವ್ಳು ಹೇಳಿದ್ಮೇಲೆ ಬೇರೆ ಡಾಕ್ಟ್ರಿಗೆ ತೋರಿಸ್ದೆ, ಬ್ರಿಡ್ಜ್ ಕತ್ತರಿಸಿ ನೋಡಿದ್ರೆ ಹಿಂದಿನ ಹಲ್ಲು ಕ್ಯಾಪ್ ಒಳಗೇ ಕೊಳೆತು ಹೋಗಿತ್ತು. ಕ್ಯಾಪಿಗೆ ಹುಳುಕು ಹಿಡಿಯಲ್ಲ, ಅದರ ಅಂಚಲ್ಲಿರೋ ನಮ್ಮ ಸ್ವಂತ ಹಲ್ಲಿಗೆ ಹಿಡಿಯುತ್ತೆ. ಚೆನ್ನಾಗಿದ್ದ ಹಲ್ಲು ಅದು.

ಈಗ ಎರಡು ಹಲ್ಲು ಇಲ್ಲ, ಹಿಂದೆ ಆಧಾರಾನೂ ಇಲ್ಲ, ಹಾಗಾಗಿ ಇಂಪ್ಲಾಂಟ್, ಅಂದ್ರೆ ದವಡೆ ಮೂಳೆ ಒಳಗೇ ಸ್ಕ್ರೂ ಕೂರಿಸಿ ಅದರ ಮೇಲೆ ಕ್ಯಾಪ್ ಹಾಕೋದು. ಹಲ್ಲಿನ ಬೇರು ಇಲ್ದಿರೋ ಕಡೆ ದವಡೆ ಮೂಳೆ ವರ್ಷ ಹೋದ ಹಾಗೆ ಸವೆಯುತ್ತೆ, ನಂದು ಬ್ರಿಡ್ಜ್ ಕೆಳಗೆ 10 ವರ್ಷ ಬೇರಿಲ್ದೆ ಇದ್ದ ಜಾಗ, ಸ್ಕ್ಯಾನಲ್ಲಿ ತೆಳ್ಳಗೆ ಕಾಣ್ಸಿ ಮೂಳೆ ಪುಡಿ ಬೇರೆ ತುಂಬ್ಬೇಕಾಯ್ತು. ಎಲ್ಲಾ ಸೇರಿ 90 ಸಾವಿರ ದಾಟ್ತು. ಶುಗರ್ ಟೆಸ್ಟ್ ಮಾಡ್ಸಿದ್ರು, ಸಿಗರೇಟ್ ಎಲೆಅಡಿಕೆ ತಂಬಾಕು ಇದ್ಯಾ ಅಂತ ಎರಡೆರಡು ಸಲ ಕೇಳಿದ್ರು. ಹಾಕುವಾಗ ಮರಗಟ್ಟಿರುತ್ತೆ, ಗೊತ್ತಾಗಲ್ಲ, ಹಲ್ಲು ಕೀಳ್ಸಿದ್ದಕ್ಕಿಂತ ನೋವು ಕಮ್ಮಿನೇ, ಎರಡು ದಿನ ಕೆನ್ನೆ ಊದಿತ್ತು ಅಷ್ಟೆ. ಆಮೇಲೆ ನಾಲ್ಕು ತಿಂಗ್ಳು ಕಾಯ್ಬೇಕು, ಮೂಳೆ ಟೈಟೇನಿಯಂ ಸ್ಕ್ರೂನ ಹಿಡ್ಕೊಳ್ಳೋಕೆ ಅಷ್ಟು ಟೈಮ್ ಬೇಕು. ಇದನ್ನ ಕಂಡುಹಿಡಿದಿದ್ದು ಸ್ವೀಡನ್ನಿನ ಬ್ರಾನೆಮಾರ್ಕ್ ಅನ್ನೋ ಡಾಕ್ಟ್ರು, 1965ರಲ್ಲಿ ಅವ್ರ ಹತ್ರ ಮೊದಲ ಸಲ ಹಾಕಿಸ್ಕೊಂಡ ಮನುಷ್ಯ 2006ರಲ್ಲಿ ತೀರ್ಕೊಳ್ಳೋವರೆಗೂ ಅದರಲ್ಲೇ ತಿಂದ್ರಂತೆ. ಅದನ್ನ ಕೇಳಿದ್ಮೇಲೇ ನನಗೆ ಧೈರ್ಯ ಬಂದಿದ್ದು.

2020 ಜನವರಿಯಿಂದ ಇವತ್ತಿನವರೆಗೂ ಗಟ್ಟಿಯಾಗಿದೆ. ಜೋಳದ ರೊಟ್ಟಿ, ಕಬ್ಬು, ಕೋಡುಬಳೆ ಎಲ್ಲಾ ಆಗುತ್ತೆ. ಒಂದು ವ್ಯತ್ಯಾಸ ಇದೆ, ನಮ್ಮ ಹಲ್ಲಿನ ಹಾಗೆ ಒತ್ತಡ ಗೊತ್ತಾಗಲ್ಲ, ಅನ್ನದಲ್ಲಿ ಕಲ್ಲು ಸಿಕ್ಕಿದ್ರೆ ಕಡಿದಾದ್ಮೇಲೆ ತಿಳಿಯೋದು. ಮೂರನೇ ವರ್ಷ ಒಂದು ಕ್ಯಾಪ್ ಅಲ್ಲಾಡ್ತು, ಎದೆ ಧಸಕ್ ಅಂತು, ನೋಡಿದ್ರೆ ಒಳಗಿನ ಚಿಕ್ಕ ಸ್ಕ್ರೂ ಲೂಸ್ ಆಗಿತ್ತು, ಹತ್ತು ನಿಮಿಷದಲ್ಲಿ ಟೈಟ್ ಮಾಡಿ ಕಳ್ಸಿದ್ರು. ಅದಕ್ಕೇ ಇಂಪ್ಲಾಂಟ್ ಕಂಪನಿ ಹೆಸ್ರು, ಸೈಜ್ ಇರೋ ಸ್ಟಿಕ್ಕರ್ ಕಾರ್ಡ್ ಕೇಳಿ ಇಸ್ಕೊಳ್ಳಿ, ಬೇರೆ ಊರಲ್ಲಿ ರಿಪೇರಿ ಬಂದ್ರೆ ಆ ಡಾಕ್ಟ್ರಿಗೆ ಸರಿಯಾದ ಸ್ಕ್ರೂ ಯಾವ್ದು ಅಂತ ಗೊತ್ತಾಗೋದು ಅದ್ರಿಂದ್ಲೇ.

ಇಂಪ್ಲಾಂಟಿಗೆ ಹುಳುಕಿಲ್ಲ ಅಂತ ಬಿಡ್ಬೇಡಿ, ಸುತ್ತ ಇರೋ ವಸಡು ಕೆಟ್ರೆ ಮೂಳೆನೂ ಹೋಗುತ್ತೆ. ನಾನು ರಾತ್ರಿ ಸಣ್ಣ ಸಂದಿ ಬ್ರಷ್ ಹಾಕ್ತೀನಿ, ಆರು ತಿಂಗ್ಳಿಗೊಮ್ಮೆ ಕ್ಲೀನಿಂಗ್, ವರ್ಷಕ್ಕೊಂದು ಎಕ್ಸ್‌ರೇ.

ಅಮ್ಮಂಗೆ ಪೂರ್ತಿ ಸೆಟ್ ಇದೆ, ಕೆಳಗಿಂದು ಜಾರ್ತಿತ್ತು, ಮುದ್ದೆ ನುಂಗೋದಕ್ಕೆ ತೊಂದ್ರೆ ಇಲ್ಲ ಆದ್ರೆ ಸೊಪ್ಪಿನ ಪಲ್ಯನೂ ಅಗಿಯೋಕಾಗ್ತಿರ್ಲಿಲ್ಲ. ಹೋದ ವರ್ಷ ಕೆಳಗೆ ಎರಡೇ ಇಂಪ್ಲಾಂಟ್ ಹಾಕ್ಸಿ ಸೆಟ್ಟನ್ನ ಟಿಚ್ ಬಟನ್ ಥರ ಕೂರೋ ಹಾಗೆ ಮಾಡ್ಸಿದ್ವಿ. ರಾತ್ರಿ ತೆಗೆದು ತಣ್ಣೀರಲ್ಲಿ ಇಡ್ತಾರೆ, ಬಿಸಿನೀರು ಹಾಕಿದ್ರೆ ಸೊಟ್ಟ ಆಗುತ್ತೆ. ಗೌರಿ ಹಬ್ಬಕ್ಕೆ ಎಷ್ಟೋ ವರ್ಷದ ಮೇಲೆ ಅಮ್ಮ ಎಲ್ರ ಜೊತೆ ಕೂತು ಕೋಸಂಬರಿ ತಿಂದ್ರು.