ಗುಳ್ಳೆ ಬಿದ್ದ ಗಾಜು: ಅದೇ ಅಂಗಡಿಯೋ, ಸ್ವಂತ ಬ್ಲೇಡೋ, ಸ್ಟೀಮ್‌ನವನೋ?

ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕೊನೆತನಕ ಕಾಯಿಸುವುದಿಲ್ಲ. ಕಾರಿನ ಗಾಜಿಗೆ ಹಾಕಿಸಿದ ಫಿಲ್ಮ್ ಕೆಟ್ಟಿದ್ದರೆ, ಹಾಕಿದವನ ಹತ್ತಿರವೇ ಮತ್ತೆ ಹೋಗಬೇಡಿ. ಮನೆಯಲ್ಲಿ ಬ್ಲೇಡ್ ಹಿಡಿದು ಕೂರಲೂ ಬೇಡಿ. ಸ್ಟೀಮ್ ಕೊಟ್ಟು ತೆಗೆಯುವವನನ್ನು ಹುಡುಕಿ. ನಾನು ಕೊನೆಗೆ ಅಲ್ಲಿಗೇ ಹೋದೆ. ಆದರೆ ಉಳಿದ ಎಲ್ಲ ದಾರಿಗಳನ್ನೂ ಮುಗಿಸಿಕೊಂಡು ಹೋದೆ, ಅದೇ ತಪ್ಪಾಗಿದ್ದು.

ನಾವಿರುವುದು ಪುಣೆಯ ಕೊಥ್ರೂಡ್‌ನಲ್ಲಿ. ಸೊಸೈಟಿಯಲ್ಲಿ ನಮ್ಮ ಪಾಲಿಗೆ ಬಂದಿರುವುದು ಬಯಲು ಪಾರ್ಕಿಂಗ್, ತಲೆ ಮೇಲೆ ಒಂದು ತಗಡೂ ಇಲ್ಲ. ತಿಂಗಳಿಗೊಮ್ಮೆ ಧಾರವಾಡಕ್ಕೆ ಓಡಾಟ ಇದ್ದೇ ಇದೆ. ಒಂದು ದಿಕ್ಕಿಗೆ 400 ಕಿಲೋಮೀಟರ್‌ಗೂ ಜಾಸ್ತಿ. ಅವ್ವ ಹಿಂದಿನ ಸೀಟಿನಲ್ಲಿ ಎಡಗಡೆಗೇ ಕೂರುವುದು, ಇಳಿಯುವುದಕ್ಕೆ ಅದೇ ಸುಲಭ ಅಂತ. ಈಗ ಲೆಕ್ಕ ಹಾಕಿ. ಬೆಳಿಗ್ಗೆ ಪುಣೆ ಬಿಟ್ಟು ದಕ್ಷಿಣಕ್ಕೆ ಹೊರಟರೆ ಪೂರ್ವದ ಬಿಸಿಲು ಎಡಕ್ಕೆ. ಧಾರವಾಡದಲ್ಲಿ ಊಟ ಮಾಡಿ ವಾಪಸ್ ಹೊರಟರೆ ಪಶ್ಚಿಮದ ಬಿಸಿಲೂ ಎಡಕ್ಕೇ! ಹೋಗುವಾಗಲೂ ಬರುವಾಗಲೂ ಸೂರ್ಯ ಅವ್ವನ ಪಕ್ಕದಲ್ಲೇ. ಗಾಜಿನ ಸಂದಿಗೆ ಟವೆಲ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಅದನ್ನು ನೋಡಲಾರದೆ ಫಿಲ್ಮ್ ಹಾಕಿಸಿದ್ದು.

ಪೇಟೆಯ ಕಡೆ ಆಕ್ಸೆಸರಿ ಅಂಗಡಿಯೊಂದರಲ್ಲಿ ಹಿಂದಿನ ಗಾಜು ಸೇರಿ 3,800 ರೂಪಾಯಿಗೆ ಒಪ್ಪಿಕೊಂಡರು. ರಸ್ತೆ ಬದಿಯಲ್ಲೇ, ಬಾಗಿಲು ನಾಲ್ಕೂ ತೆರೆದಿಟ್ಟು, ಒಂದೂವರೆ ಗಂಟೆಯಲ್ಲಿ ಮುಗಿಸಿಬಿಟ್ಟರು. ಮಾರ್ಚ್ ತಿಂಗಳ ಗಾಳಿ, ಪಕ್ಕದಲ್ಲಿ ಫುಟ್‌ಪಾತ್ ಅಗೆಯುತ್ತಿದ್ದರು. ನನಗೆ ಆಗಲೇ ಹೊಳೆಯಬೇಕಿತ್ತು. ಗಾಜಿನ ತುಂಬ ಗುಳ್ಳೆ ಕಂಡು ಕೇಳಿದರೆ, "ಟೆನ್ಶನ್ ನಕೋ ದಾದಾ, ದೋನ್ ಆಠವಡ್ಯಾತ್ ಸಗಳ ಬಸೇಲ್" ಅಂದ. ಎರಡು ವಾರದಲ್ಲಿ ಎಲ್ಲ ಕೂತುಕೊಳ್ಳುತ್ತದೆ ಅಂತ.

ಆ ಮಾತು ಅರ್ಧ ನಿಜ. ಅದಕ್ಕೇ ಅದು ಅಪಾಯ. ನೀರಿನ ಗುಳ್ಳೆ ನಿಜವಾಗಿಯೂ ಹೋಗುತ್ತದೆ, ಎರಡರಿಂದ ನಾಲ್ಕು ವಾರ ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಧೂಳಿನ ಗುಳ್ಳೆ ಜನ್ಮದಲ್ಲಿ ಹೋಗುವುದಿಲ್ಲ. ಗುರುತಿಸುವುದು ಸುಲಭ. ಫಿಲ್ಮ್ ಮೇಲೆ ಉಗುರು ಮೆಲ್ಲಗೆ ಆಡಿಸಿ ನೋಡಿ. ನೀರಿನದಾದರೆ ಮೆತ್ತಗೆ ಸರಿಯುತ್ತದೆ. ಧೂಳಿನದಾದರೆ ನಡುವೆ ಸಾಸಿವೆ ಕಾಳಿನಂತೆ ಗಟ್ಟಿ ಚುಕ್ಕಿ ಸಿಗುತ್ತದೆ. ನನ್ನ ಎಡ ಹಿಂಬಾಗಿಲು ಒಂದರಲ್ಲೇ ಮೂವತ್ತು ಎಣಿಸಿ ಬಿಟ್ಟುಬಿಟ್ಟೆ. ಹಿಂದಿನ ದೊಡ್ಡ ಗಾಜಿನ ಮೇಲಂಚಿನಲ್ಲಿ ಐದು ಉದ್ದ ಸುಕ್ಕು, ಯಾರೋ ಐದು ಬೆರಳಿಟ್ಟು ಎಳೆದಂತೆ. ಬಾಗಿದ ಗಾಜಿಗೆ ಫಿಲ್ಮನ್ನು ಮೊದಲು ಹೊರಗಡೆ ಇಟ್ಟು, ಹೀಟ್ ಗನ್‌ನಿಂದ ಬಿಸಿ ಮಾಡಿ ಕುಗ್ಗಿಸಿ, ಆಮೇಲೆ ಒಳಗೆ ಅಂಟಿಸಬೇಕು. ಇವರು ನೇರ ಒಳಗೇ ಒತ್ತಿದ್ದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಣ್ಣವೂ ಬದನೆಕಾಯಿ ಆಯಿತು. ಅಗ್ಗದ ಫಿಲ್ಮ್‌ನಲ್ಲಿ ಇರುವುದು ಬರೀ ಬಣ್ಣ, ಬಿಸಿಲಿಗೆ ಮಾಸಿ ನೇರಳೆಗೆ ತಿರುಗುತ್ತದೆ.

ಅದೇ ಅಂಗಡಿಗೆ ವಾಪಸ್ ಹೋಗಿದ್ದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಒಂದು ಗಾಜು ಪುಕ್ಕಟೆ ಬದಲಿಸಿಕೊಟ್ಟರು. ಹೊಸದರಲ್ಲಿ ಧೂಳಿನ ಜೊತೆ ಒಂದು ತಲೆಗೂದಲೂ ಸೇರಿಕೊಂಡಿತ್ತು. ಬಾಗಿಲಿನ ರಬ್ಬರ್ ಬ್ಲೇಡಿಗೆ ಸಿಕ್ಕಿ ಸೀಳಿತ್ತು. ಹಾಕುವ ಜಾಗ ಅದೇ, ಕೈಯೂ ಅದೇ, ಫಿಲ್ಮೂ ಅದೇ, ಇನ್ನೇನು ಬದಲಾಗುತ್ತದೆ? ವಾರಂಟಿ ಕಾರ್ಡ್ ಅಂತ ಕೊಟ್ಟಿದ್ದರಲ್ಲಿ ಅಂಗಡಿಯ ಸೀಲು ಬಿಟ್ಟು ಫಿಲ್ಮ್ ಯಾವ ರೋಲಿನದು ಅನ್ನುವ ನಂಬರ್ ಕೂಡ ಇರಲಿಲ್ಲ.

ಆಮೇಲೆ ಸ್ವಂತ ಕೈ. ಮರುವರ್ಷ ಏಪ್ರಿಲ್‌ನ ಒಂದು ಭಾನುವಾರ ಮಧ್ಯಾಹ್ನ, ಹೆಂಡತಿಯ ಹೇರ್ ಡ್ರೈಯರ್, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಒಂದು ಪ್ಯಾಕೆಟ್ ಬ್ಲೇಡ್. ಮುಂದಿನ ಎರಡು ಬಾಗಿಲು ಚೆನ್ನಾಗಿಯೇ ಬಂತು, ಅದನ್ನು ಒಪ್ಪಿಕೊಳ್ಳಬೇಕು. ಗಾಜು ಮೊದಲೇ ಬಿಸಿಲಿಗೆ ಕಾದಿತ್ತು. ಮೇಲಿನ ಮೂಲೆ ಉಗುರಿನಿಂದ ಎಬ್ಬಿಸಿ, ಬಿಸಿ ಗಾಳಿ ಕೊಡುತ್ತಾ ನಿಧಾನಕ್ಕೆ ಎಳೆದರೆ ಅಂಟಿನ ಸಮೇತ ಬರುತ್ತದೆ. ಅವಸರಪಟ್ಟು ಎಳೆದಿರೋ, ಫಿಲ್ಮ್ ಕೈಗೆ ಬರುತ್ತದೆ, ಅಂಟು ಗಾಜಿನಲ್ಲೇ ಉಳಿಯುತ್ತದೆ. ಈ ಎರಡು ಬಾಗಿಲು ಕೊಟ್ಟ ಧೈರ್ಯದಲ್ಲಿ ಹಿಂದಿನ ದೊಡ್ಡ ಗಾಜಿಗೆ ಕೈ ಹಾಕಿದೆ.

ಅಲ್ಲಿ ಕೆಟ್ಟೆ. ಹಿಂದಿನ ಗಾಜಿನಲ್ಲಿ ಅಡ್ಡಕ್ಕೆ ಕಂದು ಬಣ್ಣದ ಸಣ್ಣ ಗೆರೆಗಳಿರುತ್ತವಲ್ಲ, ಬಿಸಿಯಾಗಿ ಮಂಜು ತೆಗೆಯುವ ಡಿಫಾಗರ್ ಗೆರೆ, ಅವು ಗಾಜಿನೊಳಗೆ ಹುದುಗಿವೆ ಅಂತ ನಾನು ತಿಳಿದಿದ್ದೆ. ಅಲ್ಲ. ಗಾಜಿನ ಒಳಮೈ ಮೇಲೆ ಅಚ್ಚು ಹಾಕಿರುತ್ತಾರೆ, ಬೆರಳಾಡಿಸಿದರೆ ಕೈಗೆ ತಾಗುತ್ತದೆ. ಫಿಲ್ಮ್ ಅಂಟಿಸುವುದು ಸರಿಯಾಗಿ ಅದರ ಮೇಲೇ. ಮಧ್ಯಾಹ್ನದ ಬಿಸಿ ಇಳಿದಿತ್ತು, ಮೇಲಿನರ್ಧ ಫಿಲ್ಮ್ ಚೂರುಚೂರಾಗಿ ಬಂತು. ಅಂಟು ಅಷ್ಟೂ ಅಲ್ಲೇ ಉಳಿಯಿತು, ಬೂದು ಬಣ್ಣದ ಜೇಡರ ಬಲೆಯ ಹಾಗೆ. ಮುಟ್ಟಿದರೆ ಬೆರಳಿಗೆ ನೂಲು ನೂಲಾಗಿ ಬರುತ್ತಿತ್ತು. ಅಂಚಿನ ಕಪ್ಪು ಚುಕ್ಕಿಗಳ ಪಟ್ಟಿ ಇನ್ನೂ ಕೆಟ್ಟದು, ಪ್ರತಿ ಚುಕ್ಕಿಯ ಸುತ್ತಲೂ ಒಂದು ಉಂಗುರ ಅಂಟು.

ಅಮೋನಿಯಾ ಚಿಮುಕಿಸಿ, ಕಪ್ಪು ಪ್ಲಾಸ್ಟಿಕ್ ಮುಚ್ಚಿ ಬಿಸಿಲಿಗೆ ಬಿಡಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಮುಚ್ಚಿದ ಕಾರಿನೊಳಗೆ ಆ ಘಾಟು ಕುಡಿಯುವ ಶಕ್ತಿ ನನಗಿಲ್ಲ, ಬಿಟ್ಟೆ. ಅವ್ವ ಗ್ಯಾಲರಿಯಿಂದ ಬಗ್ಗಿ ನೋಡುತ್ತಿದ್ದಳು. "ಹಲಸಿನ ಮೇಣಕ್ಕ ಎಣ್ಣಿ ಹಚ್ಚತೀವಲ್ಲೊ, ಹಂಗ ಹಚ್ಚಿ ನೋಡು" ಅಂದಳು. ನಕ್ಕೆ, ಆದರೂ ಹಚ್ಚಿದೆ. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಅಂಟು ನಿಜವಾಗಿಯೂ ಮೆತ್ತಗಾಯಿತು. ಬಟ್ಟೆಯಿಂದ ಉಜ್ಜಿದರೆ ಉಂಡೆ ಉಂಡೆಯಾಗಿ ಬಿಟ್ಟಿತು. ನಾನು ಮಾಡಿದ ಪ್ರಯೋಗಗಳಲ್ಲಿ ಫಲ ಕೊಟ್ಟಿದ್ದು ಇದೊಂದೇ. ಆಮೇಲೆ ಸೋಪಿನ ನೀರಲ್ಲಿ ಮೂರು ಸಲ ತೊಳೆಯಬೇಕು, ಇಲ್ಲದಿದ್ದರೆ ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟ್ ಗಾಜಿನ ತುಂಬ ಹರಡುತ್ತದೆ.

ತಾಳ್ಮೆ ಇದ್ದಿದ್ದರೆ ಎಣ್ಣೆಯಲ್ಲೇ ಮುಗಿಸುತ್ತಿದ್ದೆ. ಸಂಜೆ ಆರಾಗಿತ್ತು. ಒಂದು ಮೂಲೆಯಲ್ಲಿ ಅಂಟು ಬಿಡಲಿಲ್ಲ ಅಂತ ಬ್ಲೇಡ್ ತೆಗೆದುಕೊಂಡೆ. ಗೆರೆಗೆ ಅಡ್ಡ ಅಲ್ಲ, ಗೆರೆಯ ಉದ್ದಕ್ಕೇ ಕೆರೆದೆ, ಹುಷಾರಾಗಿಯೇ. ಒಂದು ಸಲ ಕೈ ಜಾರಿತು. ಕೂದಲೆಳೆಯಷ್ಟು ಗೀರು, ಕಣ್ಣಿಗೆ ಕಾಣಲೂ ಇಲ್ಲ.

ಕಂಡಿದ್ದು ಜೂನ್‌ನಲ್ಲಿ. ಮಳೆಯಲ್ಲಿ ಖಂಬಾಟಕಿ ಘಾಟ್ ಹತ್ತುವಾಗ ಹಿಂದಿನ ಗಾಜಿನಲ್ಲಿ ಮಂಜು ಕೂತಿತು, ಸ್ವಿಚ್ ಒತ್ತಿದೆ. ಐದು ನಿಮಿಷಕ್ಕೆ ಗಾಜೆಲ್ಲ ತಿಳಿಯಾಯಿತು, ಎರಡು ಪಟ್ಟಿ ಬಿಟ್ಟು. ಸರಿಯಾಗಿ ಕನ್ನಡಿಯಲ್ಲಿ ಕಣ್ಣು ಬೀಳುವ ಎತ್ತರದಲ್ಲಿ! ಪ್ರತಿ ಗೆರೆಗೂ ಕರೆಂಟ್ ಬೇರೆಬೇರೆಯಾಗಿ ಹರಿಯುತ್ತದೆ. ಒಂದು ಕಡೆ ಕಡಿದರೆ ಆ ಗೆರೆ ಉದ್ದಕ್ಕೂ ಸತ್ತಂತೆ, ಉಳಿದವು ಬದುಕಿರುತ್ತವೆ. ಒಂದು ಗೀರಿಗೆ ಎರಡು ಗೆರೆ ಹೋಗಿದ್ದವು.

ನಡುವೆ ಮಳೆಗಾಲ ಪೂರ್ತಿ ಜಾಳಿಗೆ ಪರದೆಯಲ್ಲಿ ಕಳೆದೆ, ಬಾಗಿಲಿಗೆ ಅಯಸ್ಕಾಂತದಿಂದ ಅಂಟುವಂಥದ್ದು, ಜೋಡಿಗೆ 600 ರೂಪಾಯಿ. ನಿಂತ ಗಾಡಿಗೆ ಬಹಳ ಒಳ್ಳೆಯದು. ಓಡುವಾಗ ಬೇಡ. ಎಡಗಡೆಯ ಬೈಕುಗಳು ಕಾಣುವುದಿಲ್ಲ, ಪೊಲೀಸರೂ ಬಿಡುವುದಿಲ್ಲ.

ಕೊನೆಗೆ ನವೆಂಬರ್‌ನಲ್ಲಿ ಬಾಣೇರ್ ಕಡೆಯ ಸ್ಟೀಮ್‌ನವನ ಹತ್ತಿರ ಹೋದೆ. ಶೆಡ್ ಮುಚ್ಚಿತ್ತು, ಕೆಲಸ ಶುರು ಮಾಡುವ ಮೊದಲು ನೆಲಕ್ಕೆ ನೀರು ಹಾಕಿದ, ಧೂಳು ಏಳಬಾರದು ಅಂತ. ಇದೊಂದು ನೋಡಿಯೇ ನನಗೆ ಅರ್ಧ ನಂಬಿಕೆ ಬಂತು. ಉಳಿದಿದ್ದ ಎರಡು ಹಿಂಬಾಗಿಲು ಮತ್ತು ಹಿಂದಿನ ಗಾಜಿನ ಕೆಳಗಿನರ್ಧ, ತೆಗೆಯುವುದಕ್ಕೆ 1,800. ಸ್ಟೀಮ್ ಹಿಡಿದು ಮೂಲೆಯಿಂದ ಬಿಡಿಸುತ್ತಾ ಬಂದರೆ ಫಿಲ್ಮ್ ಬಾಳೆಲೆಯ ಹಾಗೆ ಇಡಿಯಾಗಿ ಬಂತು, ಅಂಟು ಅದರ ಬೆನ್ನಿಗೇ. ಹಿಂದಿನ ಗಾಜಿಗೆ ಬ್ಲೇಡ್ ಮುಟ್ಟಿಸಲೇ ಇಲ್ಲ. ನನ್ನ ಗೀರು ತೋರಿಸಿದೆ. "ರವಿವಾರಚ ಕಾಮ್ ದಿಸತಂಯ್" ಅಂದ, ಭಾನುವಾರದ ಕೆಲಸ ಕಾಣುತ್ತದೆ ಅಂತ. ಸರಿಯಾಗಿಯೇ ಹೇಳಿದ.

ಅವನ ಹತ್ತಿರ ಒಂದು ಮೀಟರ್ ಇತ್ತು, ಗಾಜಿನ ಎರಡೂ ಬದಿಗೆ ಒಂದೊಂದು ಭಾಗ ಹಿಡಿದರೆ ಎಷ್ಟು ಬೆಳಕು ದಾಟುತ್ತದೆ ಅಂತ ಹೇಳುತ್ತದೆ. ನನ್ನ ಬರೀ ಗಾಜಿಗೆ ಹಿಡಿದ: 76. ಅಂದರೆ ಕಂಪನಿಯಿಂದ ಬಂದ ಗಾಜೇ ನೂರಕ್ಕೆ ಇಪ್ಪತ್ನಾಲ್ಕು ಬೆಳಕು ತಡೆಯುತ್ತಿದೆ. ಮೊದಲ ಅಂಗಡಿಯವನು "ಐವತ್ತರ ಫಿಲ್ಮ್, ಪೂರ್ತಿ ಲೀಗಲ್" ಅಂತ ಮಾರಿದ್ದ. 76ರಲ್ಲಿ ಅರ್ಧ ಎಷ್ಟು? 38. ನಿಯಮ ಕೇಳುವುದು ಪಕ್ಕದ ಗಾಜಿಗೆ ಕನಿಷ್ಠ 50, ಮುಂದಿನ ಮತ್ತು ಹಿಂದಿನ ಗಾಜಿಗೆ 70. ಫಿಲ್ಮ್ ಮೇಲೆ ಬರೆದ ನಂಬರ್ ಬೇರೆ, ಗಾಜು ಸೇರಿ ಬರುವ ನಂಬರ್ ಬೇರೆ. ಒಂದು ವರ್ಷಕ್ಕೂ ಹೆಚ್ಚು ನಾನು ಗೊತ್ತಿಲ್ಲದೇ ತಪ್ಪು ಗಾಡಿ ಓಡಿಸಿದ್ದೆ. ಹಾಗಾಗಿ ನಾಲ್ಕು ಬಾಗಿಲಿಗೆ 70ರ ಸೆರಾಮಿಕ್ ಫಿಲ್ಮ್, ಅಂದರೆ ಹೆಚ್ಚು ಕಪ್ಪಾಗದೆ ಶಾಖ ತಡೆಯುವಂಥದ್ದು, ಹಾಕಿಸಿದೆ, 9,500 ರೂಪಾಯಿ. ಹಾಕಿದ ಮೇಲೆ ಮೀಟರ್ 53 ತೋರಿಸಿತು.

ಕಾನೂನಿನ ವಿಷಯಕ್ಕೆ ಬಂದರೆ, 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಮೇಲೆ ಫಿಲ್ಮ್ ಆಗಲಿ ಬೇರೆ ಯಾವುದೇ ವಸ್ತುವಾಗಲಿ ಅಂಟಿಸುವುದನ್ನೇ ನಿಷೇಧಿಸಿತ್ತು. 2021ರ ಏಪ್ರಿಲ್‌ನಿಂದ ಮೋಟಾರು ವಾಹನ ನಿಯಮ ಬದಲಾಯಿತು. ಬದಲಾದ ನಿಯಮದ ಪ್ರಕಾರ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ರಸ್ತೆಯಲ್ಲಿ ಕೈ ಅಡ್ಡ ಹಾಕಿದ ಪೊಲೀಸರ ಜೊತೆ ಕೇರಳದ ತೀರ್ಪು ವಾದಿಸುತ್ತಾ ನಿಲ್ಲುವುದು ಬೇರೆ ಮಾತು. ಅದಕ್ಕೇ ಮೀಟರ್ ಓದಿನ ಫೋಟೋ ಮತ್ತು ಬಿಲ್ ಎರಡೂ ಗ್ಲೋವ್ ಬಾಕ್ಸ್‌ನಲ್ಲಿಟ್ಟಿದ್ದೇನೆ. ಇನ್ನೂ ಯಾರೂ ಕೇಳಿಲ್ಲ, ಇಷ್ಟು ತಿಳಿ ಫಿಲ್ಮ್ ಇದೆ ಅಂತ ಯಾರಿಗೂ ಗೊತ್ತಾಗುವುದೇ ಇಲ್ಲ.

ಅಂಗಡಿಗಳಲ್ಲಿ ಕೆಂಪು ಬಲ್ಬಿನ ಮುಂದೆ ಫಿಲ್ಮ್ ಇಟ್ಟು, ಈಚೆಗೆ ಕೈ ಹಿಡಿಸಿ, ಬಿಸಿ ಎಷ್ಟು ತಡೆಯಿತು ಅಂತ ತೋರಿಸುವ ಆಟಕ್ಕೆ ಮರುಳಾಗಬೇಡಿ. ಆ ಬಲ್ಬಿನಿಂದ ಬರುವುದು ಹೆಚ್ಚಾಗಿ ಇನ್‌ಫ್ರಾರೆಡ್, ಬಿಸಿಲಿನಲ್ಲಿ ಬೆಳಕಿನ ಶಾಖವೂ ಇದೆ. ಒಟ್ಟು ಶಾಖ ಎಷ್ಟು ತಡೆಯುತ್ತದೆ ಅಂತ ಕೇಳಿ, ಟಿಎಸ್‌ಇಆರ್ ಅನ್ನುತ್ತಾರೆ. ಆ ನಂಬರ್ ಸಾಮಾನ್ಯವಾಗಿ ಬಲ್ಬಿನ ಮುಂದೆ ಹೇಳುವ ನಂಬರ್‌ಗಿಂತ ಕಡಿಮೆ.

ಕಷ್ಟ ಒಂದೇ. ಹಾಕಿಸಿದ ಮೇಲೆ ಐದು ದಿನ ಗಾಜು ಇಳಿಸಬಾರದು. ಸ್ವಿಚ್ ಮೇಲೆ ಟೇಪ್ ಅಂಟಿಸಿಯೇ ಕಳಿಸುತ್ತಾರೆ. ಟೋಲ್‌ಗೆ ಫಾಸ್ಟ್‌ಟ್ಯಾಗ್ ಇದೆ, ಸರಿ. ಪಾರ್ಕಿಂಗ್ ಚೀಟಿ ಕೊಡುವವನಿಗೆ ಪ್ರತಿ ಸಲ ಬಾಗಿಲು ತೆರೆದು ಕೈ ಚಾಚಬೇಕು, ಅವನು ನಮ್ಮನ್ನು ವಿಚಿತ್ರವಾಗಿ ನೋಡುತ್ತಾನೆ.

ನನ್ನ ಓಡಾಟಕ್ಕೆ, ಬಯಲು ಪಾರ್ಕಿಂಗಿಗೆ, ಅವ್ವನ ಎಡ ಸೀಟಿಗೆ ಈ 11,300 ದುಬಾರಿ ಅನ್ನಿಸಿಲ್ಲ. ದುಬಾರಿ ಅನ್ನಿಸಿದ್ದು ಅದಕ್ಕೂ ಮುಂಚಿನ 3,800. ನಿಮ್ಮದು ಬೇಸ್‌ಮೆಂಟ್ ಪಾರ್ಕಿಂಗ್, ದಿನಕ್ಕೆ ಹತ್ತು ಕಿಲೋಮೀಟರ್ ಆಫೀಸು ಅಂದರೆ ಹಳೆಯದನ್ನು ತೆಗೆಸಿ ಹಾಗೇ ಬಿಡಿ, ನಿಲ್ಲಿಸಿದಾಗ 600ರ ಪರದೆ ಸಾಕು. ವರ್ಷದೊಳಗೆ ಗಾಡಿ ಮಾರುವವರಿಗೂ ಅದೇ. ಹಿಂದಿನ ಗಾಜಿಗೆ ಮಾತ್ರ ಯಾರೇ ಆಗಲಿ ಫಿಲ್ಮ್ ಹಾಕಿಸುವುದು ಬೇಡ ಅನ್ನುವುದು ನನ್ನ ಹಟ. ನಮ್ಮದು ಈಗ ಬರೀ ಗಾಜು.

ಕಡಿದ ಗೆರೆಗೆ ಹಚ್ಚುವ ಬೆಳ್ಳಿ ಪೇಂಟ್ ಸಣ್ಣ ಶೀಶೆಯಲ್ಲಿ ಸಿಗುತ್ತದೆ, ತಂದಿಟ್ಟಿದ್ದೇನೆ. ಗೆರೆಯ ಎರಡೂ ಬದಿಗೆ ಟೇಪ್ ಹಾಕಿ, ನಡುವೆ ಹನಿಯಷ್ಟು ಹಚ್ಚಬೇಕಂತೆ. ನನ್ನ ಕೈಗೆ ಕೊಡುವುದಿಲ್ಲ ಅಂತ ಹೆಂಡತಿ ಶೀಶೆಯನ್ನು ಒಳಗೆ ಇಟ್ಟುಕೊಂಡಿದ್ದಾಳೆ. ಮಳೆಗಾಲ ಬರುವುದರೊಳಗೆ ಸ್ಟೀಮ್‌ನವನ ಹತ್ತಿರವೇ ಹೋಗಬೇಕು.