ಹಳೆಯ ಎಎಸ್/400ನಲ್ಲಿ ಡಿಬಿ2 ವೇಗ: ದೀರ್ಘಕಾಲದ ಬಳಕೆಯ ನಂತರ

ನಮ್ಮಲ್ಲಿರುವುದು ವಿ5ಆರ್4 (ಆಪರೇಟಿಂಗ್ ಸಿಸ್ಟಮ್‌ನ ಒಂದು ಹಳೆಯ ಆವೃತ್ತಿ) ಓಡಿಸುವ ಸಿಸ್ಟಮ್ ಐ, ಐಬಿಎಂ 1988ರಲ್ಲಿ ತಂದ ವ್ಯಾಪಾರಿ ಕಂಪ್ಯೂಟರ್ ಎಎಸ್/400ನ ವಂಶದ್ದು. ಡಿಬಿ2 ಅದರೊಳಗೇ ಇರುವ ಡೇಟಾಬೇಸ್. ಲೆಕ್ಕಪತ್ರ, ದಾಸ್ತಾನು, ಬಿಲ್ಲಿಂಗ್ ಎಲ್ಲವೂ ಆರ್‌ಪಿಜಿ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲೇ. ಹಸಿರು ಪರದೆಯ (ಬರೀ ಅಕ್ಷರಗಳ ಹಳೆಯ ಟರ್ಮಿನಲ್) ಕೆಲಸ ಇವತ್ತಿಗೂ ಸರಾಗ. ನಿಧಾನದ ತೊಂದರೆ ಶುರುವಾಗಿದ್ದು ಓಡಿಬಿಸಿ (ಹೊರಗಿನ ಕಂಪ್ಯೂಟರ್‌ಗಳು ಡೇಟಾಬೇಸ್ ಓದುವ ಕೊಂಡಿ) ಮೂಲಕ ವರದಿಗಳು ಬರತೊಡಗಿದ ಮೇಲೆ. ‘ಮಷೀನ್ ಮುದಿಯಾಯ್ತು, ಬದಲಾಯಿಸಿ’ ಎಂಬ ಸಲಹೆಗೆ ಕೊರತೆಯಿರಲಿಲ್ಲ. ನನ್ನ ಅನುಭವದಲ್ಲಿ ವಯಸ್ಸಾಗಿದ್ದು ಮಷೀನ್‌ಗಲ್ಲ, ಫೈಲ್‌ಗಳಿಗೆ.

ಡಿಡಿಎಸ್‌ನಿಂದ (ಫೈಲ್‌ನ ರಚನೆ ಬರೆಯುವ ಈ ಸಿಸ್ಟಮ್‌ನ ಹಳೆಯ ವಿಧಾನ) ಮಾಡಿದ ಫಿಸಿಕಲ್ ಫೈಲ್, ಅಂದರೆ ಡೇಟಾ ಇರುವ ಟೇಬಲ್, ಬೇರೆ ಹೇಳದಿದ್ದರೆ, ಅಳಿಸಿದ ರೆಕಾರ್ಡ್‌ನ ಜಾಗವನ್ನು ಮತ್ತೆ ಬಳಸುವುದಿಲ್ಲ. ವರ್ಷಗಟ್ಟಲೆ ಡಿಲೀಟ್ ಆದದ್ದೆಲ್ಲ ಅಲ್ಲೇ ಕೂತಿರುತ್ತದೆ. ಟೇಬಲ್ ಸ್ಕ್ಯಾನ್ ಮಾಡುವ, ಅಂದರೆ ಫೈಲನ್ನು ಮೊದಲಿಂದ ಕೊನೆವರೆಗೆ ಓದುವ ಕ್ವೆರಿಗೆ ಅದು ಖಾಲಿ ಮನೆಗಳ ಬೀದಿಯಲ್ಲಿ ಪ್ರತಿ ಬಾಗಿಲೂ ತಟ್ಟಿದ ಹಾಗೆ. ರಿಆರ್ಗನೈಸ್ ಮಾಡಿ ಆ ಖಾಲಿ ಜಾಗ ತೆಗೆದರೆ ಜಾಗವೂ ಸಿಗುತ್ತದೆ, ವೇಗವೂ. ಆದರೆ ರೆಕಾರ್ಡ್ ನಂಬರ್ (ಫೈಲ್‌ನಲ್ಲಿ ಅದರ ಸ್ಥಾನದ ಸಂಖ್ಯೆ) ನೆಚ್ಚಿಕೊಂಡ ಹಳೆಯ ಪ್ರೋಗ್ರಾಂ ಎಲ್ಲಾದರೂ ಇದೆಯೇ ಎಂದು ಮೊದಲು ಹುಡುಕಿ. ರಿಆರ್ಗ್ ಆದ ಮೇಲೆ ಆ ನಂಬರ್‌ಗಳು ಬದಲಾಗುತ್ತವೆ.

ಈ ವರ್ಷನ್‌ನ ನಿಜವಾದ ಆಸ್ತಿ ಇಂಡೆಕ್ಸ್ ಅಡ್ವೈಸರ್: ಯಾವ ಇಂಡೆಕ್ಸ್ (ರೆಕಾರ್ಡ್ ಬೇಗ ಹುಡುಕಲು ಇರುವ ಸೂಚಿ) ಕಟ್ಟಬೇಕೆಂದು ಸಲಹೆ ಕೊಡುವ ಸೌಲಭ್ಯ. ಯಾವ ಟೇಬಲ್‌ಗೆ ಯಾವ ಕೀ (ಇಂಡೆಕ್ಸ್ ಕಟ್ಟುವ ಕಾಲಂ) ಬೇಕಿತ್ತು, ಎಷ್ಟು ಸಲ ಬೇಕಾಯಿತು ಎಂದು ಸಿಸ್ಟಮ್ ತಾನೇ ಬರೆದಿಡುತ್ತದೆ. ಪ್ರತ್ಯೇಕ ಮಾನಿಟರ್ ಹಚ್ಚಬೇಕಿಲ್ಲ. ಹಾಗಂತ ಹೇಳಿದ್ದನ್ನೆಲ್ಲ ಕಟ್ಟಬೇಡಿ: ಪ್ರತಿ ಇಂಡೆಕ್ಸ್‌ಗೂ ಇನ್ಸರ್ಟ್, ಅಪ್‌ಡೇಟ್ ಹೊತ್ತಿನಲ್ಲಿ ದಂಡ ತೆರಬೇಕು. ಪಟ್ಟಿಯ ಎಷ್ಟೋ ಸಲಹೆಗಳು ಒಂದೇ ಇಂಡೆಕ್ಸ್‌ನ ತುಂಡುಗಳು. ಕೀ ಕ್ರಮ ಸರಿಯಾಗಿ ಇಟ್ಟರೆ ಮೂರರ ಕೆಲಸ ಒಂದರಿಂದ ಆಗುತ್ತದೆ.

ಐಪಿಎಲ್ (ಸಿಸ್ಟಮ್ ಅನ್ನು ಮತ್ತೆ ಚಾಲೂ ಮಾಡುವುದು) ಮಾಡಿದ ಮರುದಿನ ಬೆಳಿಗ್ಗೆ ಎಲ್ಲವೂ ನಿಧಾನ ಎಂಬ ದೂರು ಎಲ್ಲ ಕಡೆ ಇದ್ದದ್ದೇ. ಕ್ವೆರಿ ಓಡಿಸುವ ದಾರಿ ಆರಿಸುವ ಆಪ್ಟಿಮೈಜರ್ ತನ್ನ ಅನುಕೂಲಕ್ಕೆ ಕಟ್ಟಿಕೊಂಡ ತಾತ್ಕಾಲಿಕ ಇಂಡೆಕ್ಸ್‌ಗಳೂ ಹಾಗೆ ಆರಿಸಿದ ದಾರಿಗಳನ್ನು ನೆನಪಿಟ್ಟ ಪ್ಲಾನ್ ಕ್ಯಾಶೆಯೂ ಐಪಿಎಲ್‌ನಲ್ಲಿ ಅಳಿಸಿಹೋಗುತ್ತವೆ, ಮತ್ತೆ ಮೊದಲಿಂದ ಕಟ್ಟಬೇಕು. ಪದೇ ಪದೇ ಹುಟ್ಟುವ ತಾತ್ಕಾಲಿಕ ಇಂಡೆಕ್ಸ್‌ಗಳನ್ನು ಕಾಯಂ ಮಾಡಿದ ಮೇಲೆ ನಮ್ಮಲ್ಲಿ ಆ ದೂರು ನಿಂತಿತು.

ಬಹಳ ಮಂದಿ ಗಮನಿಸದ ಒಂದು ವಿಷಯ: ಫೈಲ್ ಮೇಲೆ ಸೆಲೆಕ್ಟ್/ಓಮಿಟ್ (ಕೆಲವು ರೆಕಾರ್ಡ್ ಮಾತ್ರ ಆರಿಸುವ ಷರತ್ತು) ಇರುವ ಲಾಜಿಕಲ್ ಫೈಲ್, ಅಂದರೆ ಫಿಸಿಕಲ್ ಫೈಲ್ ಮೇಲೆ ಕಟ್ಟಿದ ನೋಟ, ಒಂದಿದ್ದರೆ, ವಿ5ಆರ್4ನಲ್ಲಿ ಕ್ವೆರಿ ಹೊಸ ಕ್ವೆರಿ ಎಂಜಿನ್ ಎಸ್‌ಕ್ಯೂಇ ಬಿಟ್ಟು, ನಿಧಾನದ ಹಳೆಯ ಸಿಕ್ಯೂಇ ಎಂಜಿನ್‌ಗೆ ಜಾರಬಹುದು. ಕ್ವೆರಿ ಆಯ್ಕೆಗಳ ಫೈಲ್‌ನಲ್ಲಿ ಅಂಥ ಇಂಡೆಕ್ಸ್‌ಗಳನ್ನು ಕಡೆಗಣಿಸುವಂತೆ ಹೇಳುವ ಸಾಲೊಂದಿದೆ. ಅದೊಂದು ಸಾಲು ತಂದ ಬದಲಾವಣೆ ಹೊಸ ಮೆಮೊರಿ ಕಾರ್ಡ್‌ಗಿಂತ ದೊಡ್ಡದು.

ಮೆಮೊರಿಯ ಮಾತು ಬಂದದ್ದರಿಂದ: ಓಡಿಬಿಸಿ ಜಾಬ್‌ಗಳು ಸುಮ್ಮನೆ ಬಿಟ್ಟರೆ ಎಲ್ಲರೂ ಹಂಚಿಕೊಳ್ಳುವ ಮೆಮೊರಿ ಪಾಲಾದ ಬೇಸ್ ಪೂಲ್‌ನಲ್ಲೇ ಉಳಿದವರ ಜೊತೆ ಕಿತ್ತಾಡುತ್ತವೆ. ಅವಕ್ಕೆ ಬೇರೆ ಪೂಲ್ ಕೊಡಿ.

ಈ ಸಿಸ್ಟಮ್‌ಗೆ ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಳೆದದ್ದು, ಇದನ್ನೆಲ್ಲ ಬಲ್ಲವರು ಸಿಗುವುದು ಕಷ್ಟವಾಗುತ್ತಿದೆ ಎಂಬುದಕ್ಕೆ. ಇಷ್ಟೆಲ್ಲ ಮಾಡಿಯೂ ಡಿಸ್ಕ್‌ಗಳು ಕೆಲಸದ ಹೊತ್ತಿನಲ್ಲಿ ಸತತವಾಗಿ ಶೇ 40ಕ್ಕಿಂತ ಹೆಚ್ಚು ಬ್ಯುಸಿ ತೋರಿಸಿದರೆ, ಹಾರ್ಡ್‌ವೇರ್ ಕೊಟೇಶನ್ ತರಿಸಿ. ಆಗಲೂ ಡಿಸ್ಕ್ ಎಷ್ಟು ಜಿಬಿ ಎಂದಲ್ಲ, ಎಷ್ಟು ಆರ್ಮ್ (ಒಂದೇ ಹೊತ್ತಿಗೆ ಕೆಲಸ ಮಾಡುವ ಬೇರೆ ಬೇರೆ ಡಿಸ್ಕ್) ಸಿಗುತ್ತದೆ ಎಂದು ಕೇಳಿ.